ಇದು ಗದ್ದಲವೇ, ಸಂಗೀತವೇ?

'ಹಾಕ್‌ವಿಂಡ್' ಎಂಬ ವಾದ್ಯತಂಡ 1969ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಗಿಟಾರು, ಡ್ರಮ್ಮುಗಳ ಜತೆಗೆ ಪ್ರಯೋಗಶಾಲೆಯಲ್ಲಿರಬೇಕಾದ ಆಡಿಯೊ ಜನರೇಟರ್ ಯಂತ್ರವನ್ನೂ ವೇದಿಕೆಗೆ ತಂದು, ಅಂತರಿಕ್ಷದಲ್ಲಿ ತೇಲುವ ಭ್ರಮೆ ಹುಟ್ಟಿಸಿದವರು ಇವರು. 1972ರ 'ಸಿಲ್ವರ್ ಮೆಷಿನ್' ಹಾಡಿನಿಂದ ಹೆಸರಾದರು. ಅದೊಂದನ್ನೇ ಹಾಡಿಕೊಂಡು ಕಾಲ ಕಳೆಯಬಹುದಿತ್ತು. ಆದರೆ 1941ರಲ್ಲಿ ಹುಟ್ಟಿದ ನಾಯಕ ಡೇವ್ ಬ್ರಾಕ್ ಅವರ ಮುಂದಾಳುತನದಲ್ಲೇ 2025ರಲ್ಲಿ 'ದೇರ್ ಈಸ್ ನೋ ಸ್ಪೇಸ್ ಫಾರ್ ಅಸ್' ಎಂಬ ಹೊಸ ಧ್ವನಿಮುದ್ರಿಕೆ ಹೊರಬಂತು!

ಹಿರಿಯರು ಇಂಥದ್ದನ್ನು ಗದ್ದಲವೆನ್ನುತ್ತಾರೆ. ಒಂದೇ ಲಯ ಬಹಳ ಹೊತ್ತು ಸಾಗಿದಾಗ ಬೇಸರ ಬರುವುದೂ ನಿಜವೇ. ಆದರೆ ಆ ಪುನರಾವರ್ತನೆಯಲ್ಲೇ ದೂರಪ್ರಯಾಣದ ಅನುಭವವಿದೆಯೆಂಬುದು ನನ್ನ ಅಭಿಪ್ರಾಯ. ಐದು ನಿಮಿಷ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ತಂದೆತಾಯಿಗಳು ಒಮ್ಮೆ ಮಕ್ಕಳೊಡನೆ ಕುಳಿತು ಪೂರ್ತಿ ಕೇಳಲಿ. ಮಕ್ಕಳೂ ಸದ್ದನ್ನು ತುಸು ತಗ್ಗಿಸಲಿ.