ಉಡುಗೊರೆಯ ಗಿಡ

ಗೃಹಪ್ರವೇಶಕ್ಕೆ ಬರಿಗೈಯಲ್ಲಿ ಹೋಗಬಾರದೆಂಬುದು ಹಿರಿಯರ ಮಾತು. ಹಣ್ಣು, ತೆಂಗಿನಕಾಯಿಗಳ ಜೊತೆಗೆ ಈಚಿನ ವರ್ಷಗಳಲ್ಲಿ ಕುಂಡದ ಗಿಡಕ್ಕೂ ಮನ್ನಣೆ ದೊರೆತಿದೆ. ಒಳ್ಳೆಯ ವಾಡಿಕೆಯೇ ಸರಿ. ಆದರೆ ಇದರಲ್ಲಿ ನಾನು ಮಾಡಿದ ತಪ್ಪೊಂದನ್ನು ವಾಚಕರೆದುರು ಹೇಳಿಕೊಳ್ಳಬೇಕಾಗಿದೆ.

ವೈಟ್‌ಫೀಲ್ಡಿನಲ್ಲಿ ಏಳನೆಯ ಅಂತಸ್ತಿನ ಮನೆ ಕೊಂಡ ಗೆಳೆಯರಿಗೆ ನಾನು ಉದಕಮಂಡಲದಿಂದ ಅಜೇಲಿಯಾ ಗಿಡವೊಂದನ್ನು ತಂದುಕೊಟ್ಟೆ. ಮೈತುಂಬ ಹೂವಿತ್ತು; ಬಂದವರೆಲ್ಲ ಹೊಗಳಿದರು. ಎರಡು ತಿಂಗಳ ಬಳಿಕ ಹೋದಾಗ ಕುಂಡ ಕಾಣಿಸಲಿಲ್ಲ. ನಾನು ಕೇಳಲಿಲ್ಲ. ಕಾಫಿ ತಂದಿಟ್ಟ ಗೆಳೆಯರ ಪತ್ನಿಯೇ ತಲೆ ತಗ್ಗಿಸಿ, "ನಿಮ್ಮ ಗಿಡ ಉಳಿಸಿಕೊಳ್ಳಲಾಗಲಿಲ್ಲ, ತಪ್ಪು ತಿಳಿಯಬೇಡಿ" ಎಂದರು. ಆ ಮಾತು ನನ್ನನ್ನು ಬಹುದಿನ ಚುಚ್ಚಿತು. ಸಂತೋಷ ಕೊಡಹೋದವನು ಅವರ ತಲೆಯ ಮೇಲೆ ಅಪರಾಧವೊಂದನ್ನು ಹೊರಿಸಿ ಬಂದಿದ್ದೆ.

ಉದಕಮಂಡಲ ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿದೆ. ಬೆಂಗಳೂರು ಸುಮಾರು 900 ಮೀಟರ್. ಅಜೇಲಿಯಾ ಬಯಸುವುದು ತಂಪನ್ನು, ಹುಳಿಗುಣದ ಮಣ್ಣನ್ನು, ಮೆದುನೀರನ್ನು. ಆ ಮನೆಯಲ್ಲಿದ್ದುದು ಪಡುವಣ ಬಿಸಿಲು, ಟ್ಯಾಂಕರು ತಂದು ಸುರಿಯುವ ಕೊಳವೆಬಾವಿಯ ಗಡಸುನೀರು. ಆ ನೀರಿನ ಸುಣ್ಣದಂಶ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕದು. ಎಳೆಯ ಎಲೆ ಹಳದಿಗೆ ತಿರುಗಿ ನರಗಳಷ್ಟೇ ಹಸುರಾಗಿ ಉಳಿಯುತ್ತವೆ. ಗಿಡ ಬಾಡಿತೆಂದು ಮನೆಯವರು ಅದೇ ನೀರನ್ನು ಇನ್ನಷ್ಟು ಎರೆದಿರಬೇಕು. 2024ರ ಬೇಸಗೆಯಲ್ಲಿ ನಗರದ ಹೊರವಲಯದ ಎಷ್ಟೋ ಬಡಾವಣೆಗಳು ನಿತ್ಯದ ಬಳಕೆಯ ನೀರಿಗೇ ಪರದಾಡಿದುದನ್ನು ಬಲ್ಲ ನಾನು ಇಷ್ಟಾದರೂ ಯೋಚಿಸಬೇಕಿತ್ತು.

ಹಾಗಾದರೆ ಈ ನೆಲದ ಗಿಡವನ್ನೇ ಕೊಟ್ಟರೆ ಸಾಕೆ? ಇದನ್ನೂ ನಾನು ಪೂರ್ತಿ ಒಪ್ಪಲಾರೆ. ಮಡಗಾಸ್ಕರದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡ ನಮ್ಮ ಬೀದಿಗಳಲ್ಲಿ ತವರಿನಲ್ಲಿರುವಂತೆಯೇ ಹೂಬಿಡುತ್ತವೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಅವರು ಋತುಋತುವಿಗೂ ಒಂದಲ್ಲ ಒಂದು ಮರ ಅರಳಬೇಕೆಂದು ಯೋಜಿಸಿದಾಗ ಹೊರದೇಶದ ಮರಗಳಿಗೂ ಎಡೆಯಿತ್ತು. ಅತ್ತ ಹೊಂಗೆ ಅಪ್ಪಟ ಇಲ್ಲಿಯದು. ಆದರೂ ಜೂನ್ 5ರ ಪರಿಸರ ದಿನದಂದು ಎಲೆಕ್ಟ್ರಾನಿಕ್ ಸಿಟಿಯ ತರುಣನ ಕೈಗೆ ಹೊಂಗೆಯ ಸಸಿಯನ್ನಿತ್ತರೆ, ಬಾಡಿಗೆಮನೆಯವನಾದ ಆತ ಅದನ್ನೆಲ್ಲಿ ನೆಟ್ಟಾನು? ಪೀಣ್ಯದಲ್ಲಿ ತಗಡಿನ ಮಾಡಿನ ಕೋಣೆಯಲ್ಲಿರುವ ಕಾರ್ಮಿಕನಾದರೋ ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಗಂಟುಮೂಟೆಯ ಜೊತೆಗೆ ಕುಂಡವನ್ನೂ ಹೊರಬೇಕು. ಊರಿನ ಹವೆ ಬೇರೆ, ಮನೆಯ ಹವೆ ಬೇರೆ. ಕಿಟಕಿ ಯಾವ ದಿಕ್ಕಿಗಿದೆ, ನೀರು ಎಲ್ಲಿಂದ ಬರುತ್ತದೆ, ಹಬ್ಬಕ್ಕೆ ಊರಿಗೆ ಹೋದರೆ ಎಷ್ಟು ದಿನ ಬೀಗ ಎಂದು ವಿಚಾರಿಸದೆ ಗಿಡ ಕೊಳ್ಳುವುದು ಅಳತೆ ಕೇಳದೆ ಅಂಗಿ ಹೊಲಿಸಿದಂತೆ.

ಬಿಸಿಲುಳ್ಳೆಡೆಗೆ ದಾಸವಾಳ, ನಂದಿಬಟ್ಟಲು, ಅರೆನೆರಳಿಗೆ ಕನಕಾಂಬರ. ನನ್ನ ಗೆಳೆಯರಿಗೆ ಎರಡನೆಯ ಸಲ ಒಯ್ದುದು ದೊಡ್ಡಪತ್ರೆ. ಅದರ ದಪ್ಪ ಎಲೆಗಳಲ್ಲೇ ನೀರಿನ ದಾಸ್ತಾನು. ವಾರದ ಬೀಗಕ್ಕೆ ಅಂಜದು, ಅತಿ ನೀರಿಗೆ ಮಾತ್ರ ಕೊಳೆಯುತ್ತದೆ. ಮುರಿದು ನೆಟ್ಟರೆ ಚಿಗುರುವ ಅದಕ್ಕೆ ಸಸ್ಯಕ್ಷೇತ್ರದ ಹಂಗೂ ಇಲ್ಲ. ನಮ್ಮ ಹಿತ್ತಿಲಿನ ಒಂದು ಕೊಂಬೆಯನ್ನು ಒದ್ದೆಯ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ಇಷ್ಟು ಅಗ್ಗದ ಉಡುಗೊರೆಯೆಂದು ಮನಸ್ಸು ಸ್ವಲ್ಪ ಹಿಂಜರಿಯಿತೆಂಬುದನ್ನು ಮುಚ್ಚಿಡಲಾರೆ.

ಮೊನ್ನೆ ಹೋದಾಗ ಆಕೆ ಗಿಡದ ಮಾತನ್ನೇ ಎತ್ತಲಿಲ್ಲ. ಅನ್ನಕ್ಕೆ ದೊಡ್ಡಪತ್ರೆಯ ತಂಬುಳಿ ಬಡಿಸಿದರು.