ಎಚ್‌ಐವಿ: ಔಷಧ ಉಂಟು, ದುಡಿಮೆಗೆ ಭದ್ರತೆ ಎಲ್ಲಿ?

ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಹಾಗೂ ದೆಹಲಿಯಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್ 1ರಂದು. 2017ರಿಂದ ಸಿಡಿ4 ಪ್ರಮಾಣ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಔಷಧ ದೊರೆಯುತ್ತಿದೆ. ಮಾತ್ರೆಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದು ಎಂಬುದೂ ದೃಢಪಟ್ಟಿದೆ.

ಆಯುಷ್ಯವೇನೋ ಹೆಚ್ಚಿದೆ, ಬದುಕಿನ ಗುಣಮಟ್ಟದ ಪ್ರಶ್ನೆ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವು ದೇಹಸ್ಥಿತಿಯ ಜೊತೆಗೆ ಮನಸ್ಸು, ಸ್ವಾವಲಂಬನೆ, ಸಾಮಾಜಿಕ ಸಂಬಂಧಗಳನ್ನೂ ಅಳೆಯುತ್ತದೆ.

ಹಾವೇರಿ ಜಿಲ್ಲೆಯಲ್ಲಿ ಈ ಪ್ರಶ್ನೆ ದುಡಿಮೆಯೊಂದಿಗೆ ಬೆಸೆದುಕೊಂಡಿದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳು ದಿನಗೂಲಿಯವರನ್ನು ನೆಚ್ಚಿಕೊಂಡಿವೆ. ಔಷಧಕ್ಕೆ ಹೊರಟ ದಿನ ಕೂಲಿ ಇಲ್ಲ. ಗುಟ್ಟು ಬಯಲಾದರೆ ಕೆಲಸವೇ ಹೋದೀತೆಂಬ ಭೀತಿ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಮಹಿಳೆಯರ ಬಸ್ ವೆಚ್ಚ ಉಳಿಸಿದೆ. ಕೂಲಿಯ ನಷ್ಟವನ್ನು ತುಂಬಿಲ್ಲ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಆದರೆ ಆರೋಗ್ಯ ಸಂಸ್ಥೆಗಳನ್ನು ಬಿಟ್ಟರೆ, ದೂರು ಅಧಿಕಾರಿಯ ನೇಮಕ ಕಡ್ಡಾಯವಾಗಿರುವುದು 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಮಾತ್ರ. ಹತ್ತಿಪ್ಪತ್ತು ಆಳುಗಳ ಅಂಗಡಿ, ಹೊಲಗಳಲ್ಲಿ ದುಡಿಯುವವರು ಈ ರಕ್ಷಣೆಯ ಹೊರಗೇ ಉಳಿಯುತ್ತಾರೆ.

ಆರೋಗ್ಯ ಸ್ಥಿರವಾಗಿರುವವರಿಗೆ ಹಲವು ತಿಂಗಳ ಔಷಧವನ್ನು ಒಮ್ಮೆಲೇ ನೀಡಲು ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅವಕಾಶವಿದೆ. ತಾಲ್ಲೂಕು ಮಟ್ಟದಲ್ಲಿ ಇದು ಕಟ್ಟುನಿಟ್ಟಾಗಿ ಪಾಲನೆಯಾದರೆ ಕೂಲಿಯೂ ಉಳಿದೀತು, ಗುಟ್ಟೂ ಉಳಿದೀತು. ಚಿಕಿತ್ಸೆಯ ಯಶಸ್ಸನ್ನು ವಿತರಿಸಿದ ಮಾತ್ರೆಗಳ ಲೆಕ್ಕದಲ್ಲಷ್ಟೇ ಅಳೆಯುವ ಕಾಲ ಮುಗಿದಿದೆ.