ಸದ್ದಡಗಿಸುವುದು ರಿಪೇರಿಯಲ್ಲ!



ಮಣಿಕೊಂಡದ ಆಫೀಸುಗಳಿಗೆ ತಿಂಡಿ ಸಾಗಿಸಲೆಂದು ನಾವು ನಾಲ್ವರು ಹೋಟೆಲ್ ಕೆಲಸಗಾರರು ಚೀಟಿ ಹಣ ಕೂಡಿಸಿ ಹಳೆಯ ಮಾರುತಿ ಓಮ್ನಿ ಕೊಂಡೆವು. 2019ರಲ್ಲೇ ತಯಾರಿಕೆ ನಿಂತ ಗಾಡಿ. ಇಂಜಿನ್ನಿನ ಮೇಲ್ಭಾಗದಲ್ಲಿ ಟಕಟಕ ಸದ್ದೆದ್ದಿತು. ಒಬ್ಬ ಮೆಕ್ಯಾನಿಕ್ "ಇಂಜಿನ್ನೇ ಇಳಿಸಬೇಕು" ಎಂದ. ಇನ್ನೊಬ್ಬ ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ ಬಿಗಿದು, ಸದ್ದಡಗಿಸಿ, ಹಣ ಎಣಿಸಿಕೊಂಡ. ತಿಂಗಳೊಳಗೆ ಎಗ್ಜಾಸ್ಟ್ ವಾಲ್ವು ಸುಟ್ಟಿತು!

ಏಕೆ? ಕಾದ ವಾಲ್ವು ಹಿಗ್ಗುತ್ತದೆ. ಅದಕ್ಕೆಂದೇ ಕಾಲು ಮಿಲಿಮೀಟರಿಗೂ ಕಡಿಮೆ ಸಂದು ಬಿಟ್ಟಿರುತ್ತಾರೆ. ಸಂದು ಹೆಚ್ಚಿದರೆ ಸದ್ದು. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದು, ಉರಿಗಾಳಿ ನುಗ್ಗಿ ಅದನ್ನು ಸುಡುತ್ತದೆ. ಸದ್ದು ಮಾಡುವ ಇಂಜಿನ್ನಿಗಿಂತ ಬಾಯಿ ಕಟ್ಟಿಸಿಕೊಂಡ ಇಂಜಿನ್ನೇ ಹೆಚ್ಚು ಅಪಾಯ.

ಇನ್ನು ಮೋಸಹೋಗಬೇಡಿ. ಮೊದಲು ಕಡ್ಡಿ ಎಳೆದು ಆಯಿಲ್ ನೋಡಿ; ಅದು ಇಳಿದಿದ್ದರೂ ಸದ್ದು ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿಗಿಟ್ಟು ಹಿಡಿಗೆ ಕಿವಿಗೊಡಿ. ಹಗುರ ಟಕಟಕವಾದರೆ ಟ್ಯಾಪೆಟ್. ಕೆಳಗಿನಿಂದ ಗುದ್ದಿದಂತೆ ಕೇಳಿದರೆ ಬೇರಿಂಗ್ ಇರಬಹುದು, ಗಾಡಿ ಓಡಿಸಬೇಡಿ. ಟ್ಯಾಪೆಟ್ ಆದರೆ, ಇಂಜಿನ್ ತಣ್ಣಗಾದ ಮೇಲೆ, ವಾಲ್ವು ಪೂರ್ತಿ ಮುಚ್ಚಿರುವಾಗ ಫೀಲರ್ ಗೇಜ್ ತೂರಿಸಿ, ಕಂಪನಿಯ ಪುಸ್ತಕ ಹೇಳಿದಷ್ಟೇ ಸಂದು ಇಡಿಸಿ. ಓಮ್ನಿಗೆ ಇರುವುದು ಆರೇ ವಾಲ್ವು! ಹೈಡ್ರಾಲಿಕ್ ಟ್ಯಾಪೆಟ್ಟಿನ ಗಾಡಿಗಳಲ್ಲಿ ತಿರುಗಿಸುವ ಸ್ಕ್ರೂ ಇಲ್ಲ. ಅಲ್ಲಿ ಮೊದಲು ಸರಿಯಾದ ಹೊಸ ಆಯಿಲ್ ಹಾಕಿಸಿ.

ಕಣ್ಣೆದುರು ಗೇಜ್ ಹಾಕದವನಿಗೆ ಕಾಸು ಕೊಡಬೇಡಿ. ನಮ್ಮ ಸಂಘದ ಕೋಣೆಯಲ್ಲೂ ಒಂದು ಗೇಜ್ ಇರಲಿ. ದೂರು ಹೇಳಿದವನ ಬಾಯಿ ಮುಚ್ಚಿಸುವ ಮಾಲೀಕರನ್ನು ಕಂಡವರು ನಾವು. ನಮ್ಮ ಅನ್ನದ ಗಾಡಿಗೆ ನಾವೇ ಆ ಅನ್ಯಾಯ ಮಾಡಬೇಕೆ?